ಕೋಳಿ ತತ್ತಿಯಲ್ಲಿ ನರನಾಳದ ದೋಷಗಳ ಅಧ್ಯಯನ: ನಮ್ಮ ಸೀಮೆಯ ಲ್ಯಾಬಿಗೊಂದು ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಾಲೇಜುಗಳಲ್ಲಿ ಅನಾಟಮಿ ಪಿ.ಜಿ.ಗಳಾಗಲಿ, ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಹುಡುಗ ಹುಡುಗಿಯರಾಗಲಿ ಪ್ರಾಜೆಕ್ಟ್ ಹುಡುಕುವಾಗ ಕೋಳಿ ಭ್ರೂಣದ ಕಡೆ ತಿರುಗುತ್ತಾರೆ. ಇಲಿ ಸಾಕುವ ಮನೆ ಬೇಡ, ಖರ್ಚು ಕಡಿಮೆ, ಎರಡು ಮೂರು ದಿನದಲ್ಲಿ ಉತ್ತರ ಸಿಗುತ್ತದೆ. ಈ ಸಲೀಸೇ ದಾರಿ ತಪ್ಪಿಸುವುದೂ ಹೌದು. ಮೊದಲ ದಿನದ ತತ್ತಿಯ ಚಿಪ್ಪಿಗೆ ಕಿಟಕಿ ಕೊರೆದರೆ ಸಾಕು, ಯಾವ ಔಷಧ ಹಾಕದಿದ್ದರೂ ಕೆಲವು ಭ್ರೂಣಗಳ ನರನಾಳ (ಮುಂದೆ ಮೆದುಳು, ಬೆನ್ನುಹುರಿಯಾಗುವ ನಾಳ) ಮುಚ್ಚದೆ ಉಳಿಯುತ್ತದೆ. ಇನ್‌ಕ್ಯುಬೇಟರ್ ಹೆಚ್ಚು ಕಾದರೂ ಹಾಗೇ ಆಗುತ್ತದೆ. ಅಂದರೆ ಔಷಧ ಮಾಡಿದ್ದು ಯಾವುದು, ನಮ್ಮ ಕೈ ಮಾಡಿದ್ದು ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ನಿಜವಾದ ಕೆಲಸ. ಕೆಳಗಿನ ಹಂತಗಳನ್ನೆಲ್ಲ ಅದನ್ನೇ ಕಣ್ಣಮುಂದಿಟ್ಟುಕೊಂಡು ಬರೆದಿದ್ದೇನೆ.

ನಾವು ನೋಡಹೊರಟಿರುವುದು ಏನು

ಭ್ರೂಣದ ಬೆನ್ನಿನ ಮೇಲೆ ಮೊದಲು ಒಂದು ಚಪ್ಪಟೆ ನರಫಲಕ ಇರುತ್ತದೆ. ಅದರ ನಡುವೆ ತಗ್ಗು ಬಿದ್ದು, ಎರಡೂ ಅಂಚು ಮೇಲೆದ್ದು, ಕಡುಬಿನ ಕಣಕ ಮಡಚಿ ಅಂಚು ಒತ್ತಿದ ಹಾಗೆ ಕೂಡಿಕೊಂಡು ನಾಳವಾಗುತ್ತದೆ. ಇದರಿಂದಲೇ ಮುಂದೆ ಮೆದುಳು ಮತ್ತು ಬೆನ್ನುಹುರಿ. ತಲೆಯ ಕಡೆ ಕೂಡದಿದ್ದರೆ ಅನೆನ್ಸೆಫಲಿ, ಬೆನ್ನಿನ ಕಡೆ ಕೂಡದಿದ್ದರೆ ಸ್ಪೈನಾ ಬೈಫಿಡಾ.

ಮನುಷ್ಯರಲ್ಲಿ ಈ ಕೆಲಸ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಮುಗಿದುಹೋಗುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಕಾರ್ಡ್ ಬರೆಯುವ ಹೊತ್ತಿಗೆ ನಾಳ ಮುಚ್ಚಿಯೋ ಮುಚ್ಚದೆಯೋ ತೀರ್ಮಾನವಾಗಿರುತ್ತದೆ. ಫೋಲಿಕ್ ಆಮ್ಲದ ಗುಳಿಗೆಯನ್ನು ಬಸುರಾಗುವ ಮುಂಚಿನಿಂದಲೇ, ದಿನಕ್ಕೆ 400 ಮೈಕ್ರೋಗ್ರಾಂನಂತೆ ತೆಗೆದುಕೊಳ್ಳಬೇಕು ಎನ್ನುವುದು ಅದಕ್ಕೇ. ಹಿಂದೆ ಇಂಥ ಮಗು ಹುಟ್ಟಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ದೋಷ ಮರುಕಳಿಸುವುದು 72 ಪ್ರತಿಶತ ಕಡಿಮೆಯಾಯಿತು ಎಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿದ, 7 ದೇಶಗಳ ಅಧ್ಯಯನ 1991ರಲ್ಲಿ ತೋರಿಸಿತು.

ಮನುಷ್ಯರಲ್ಲಿ ಕಣ್ಣಿಗೆ ಬೀಳದ ಆ ಕೆಲವು ದಿನಗಳನ್ನು ತತ್ತಿಯಲ್ಲಿ ನೇರವಾಗಿ ನೋಡಬಹುದು. ಅಲ್ಲಿ ಭ್ರೂಣ ಹಳದಿಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಫಲಕ ಮಡಚುವುದು, ಕೂಡುವುದು ಎಲ್ಲವೂ ಎರಡನೆಯ ದಿನದಲ್ಲಿ ನಡೆಯುತ್ತದೆ.

ಮೊದಲು ಕಾಗದ, ಆಮೇಲೆ ತತ್ತಿ

ನಮ್ಮ ಕೆಲಸ ಮೂರನೆಯ ದಿನಕ್ಕೆ ಮುಗಿಯುತ್ತದೆ, ಇಷ್ಟು ಎಳೆಯ ಭ್ರೂಣಕ್ಕೆ ಅನುಮತಿ ಯಾಕೆ ಎಂದು ವಾದಿಸಬಹುದು. ಆದರೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಒಂದು ಪತ್ರ ಬರೆದು, ಯಾವ ದಿನಕ್ಕೆ ನಿಲ್ಲಿಸುತ್ತೀರಿ ಎಂದು ತಿಳಿಸಿ, ಲಿಖಿತ ಉತ್ತರ ತೆಗೆದುಕೊಂಡು ಫೈಲಿಗೆ ಹಾಕಿ. ಪ್ರಬಂಧ ಪ್ರಕಟಿಸಲು ಹೋದಾಗ ಜರ್ನಲ್‌ನವರು ಮೊದಲು ಕೇಳುವುದು ಅದನ್ನೇ.

ತತ್ತಿ ಎಲ್ಲಿಂದ

ಕಿರಾಣಿ ಅಂಗಡಿಯ ಬಿಳಿ ತತ್ತಿ ಕೆಲಸಕ್ಕೆ ಬಾರದು. ಲೇಯರ್ ಫಾರಂಗಳಲ್ಲಿ ಹುಂಜ ಇರುವುದಿಲ್ಲ, ಆ ತತ್ತಿಯಲ್ಲಿ ಭ್ರೂಣವೇ ಇಲ್ಲ. ಸಂತೆಯ ಜವಾರಿ ತತ್ತಿ ಫಲಿತವಾಗಿರಬಹುದು, ಆದರೆ ಇಟ್ಟು ಎಷ್ಟು ದಿನವಾಯಿತು, ಕಾವಿಗೆ ಕೂತ ಕೋಳಿಯ ಕೆಳಗಿನಿಂದ ತೆಗೆದದ್ದೋ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಒಂದೇ ಬುಟ್ಟಿಯಲ್ಲಿ ಮೂರು ವಯಸ್ಸಿನ ತತ್ತಿ ಇದ್ದರೆ ಲೆಕ್ಕವೆಲ್ಲ ಕೆಟ್ಟಂತೆ. ಮರಿ ಮಾಡಿಸುವ ಹ್ಯಾಚರಿಯಿಂದ, ಅಥವಾ ಗಿರಿರಾಜ, ಸ್ವರ್ಣಧಾರಾದಂಥ ತಳಿಯನ್ನು ಹುಂಜದೊಡನೆ ಸಾಕುವವರಿಂದ, ಇಟ್ಟ ದಿನಾಂಕ ಪೆನ್ಸಿಲ್‌ನಲ್ಲಿ ಬರೆಸಿ ತರಿಸಿಕೊಳ್ಳಿ. ಇಡೀ ಪ್ರಯೋಗಕ್ಕೆ ಒಂದೇ ತಳಿ, ಒಂದೇ ಫಾರಂ.

ತಂದ ತಕ್ಷಣ ನಾಲ್ಕೈದು ತತ್ತಿ ತಟ್ಟೆಗೆ ಒಡೆದು ನೋಡಿ. ಫಲಿತ ತತ್ತಿಯ ಹಳದಿಯ ಮೇಲೆ 3–4 ಮಿ.ಮೀ. ಅಗಲದ ಉಂಗುರ ಕಾಣುತ್ತದೆ, ನಡುವೆ ತಿಳಿ, ಸುತ್ತ ಬಿಳಿ. ಫಲಿಸದ್ದರಲ್ಲಿ ಚಿಕ್ಕ, ಗಟ್ಟಿ, ಅಂಚು ಸರಿಯಿಲ್ಲದ ಬಿಳಿ ಚುಕ್ಕೆ ಇರುತ್ತದೆ. ಐದರಲ್ಲಿ ಎರಡು ಫಲಿಸದಿದ್ದರೆ ಆ ಲಾಟನ್ನು ಹಿಂತಿರುಗಿಸುವುದೇ ಲೇಸು.

ಈಗ ನಮ್ಮ ಊರಿನ ಬಿಸಿಲಿನ ಮಾತು. ಕೋಳಿ ಭ್ರೂಣ ಸುಮ್ಮನೆ ನಿದ್ರೆಯಲ್ಲಿರಬೇಕಾದರೆ ತತ್ತಿ ಸುಮಾರು 21 ಡಿಗ್ರಿಗಿಂತ ಕೆಳಗಿರಬೇಕು. ವಿಜಯಪುರದ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಕೋಣೆಯೊಳಗೂ 33–34 ಇರುತ್ತದೆ. ಕಪಾಟಿನಲ್ಲಿಟ್ಟ ತತ್ತಿ ನೀವು ಇನ್‌ಕ್ಯುಬೇಟರಿಗೆ ಹಾಕುವ ಮುಂಚೆಯೇ ಬೆಳೆಯಲು ಶುರು ಮಾಡುತ್ತದೆ, ಅದೂ ಅರೆಬರೆಯಾಗಿ. ಇಂಥ ಬೆಳವಣಿಗೆಯಿಂದ ವಿಕಾರಗಳು ಹೆಚ್ಚುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಈ ತೊಂದರೆ ಅಷ್ಟಿಲ್ಲ. ಆದರೂ ಎಲ್ಲಿದ್ದರೂ ತತ್ತಿಗಳನ್ನು 13–16 ಡಿಗ್ರಿಯಲ್ಲಿಟ್ಟು ಒಂದು ವಾರದೊಳಗೆ ಬಳಸಿ. ಹಳೆಯ ವೈನ್ ಕೂಲರ್ ಸಿಕ್ಕರೆ ಅದು ಬಲು ಚೆನ್ನ. ಅಡುಗೆಮನೆಯ ಫ್ರಿಜ್ ಅತಿ ತಂಪು. ಬೇಸಿಗೆಯಲ್ಲಿ ಫಾರಂನಿಂದ ತರುವಾಗ ಬೆಳಗಿನ ಜಾವ ಹೊರಡಿ, ಥರ್ಮೋಕೋಲ್ ಪೆಟ್ಟಿಗೆ ಒಯ್ಯಿರಿ. ಬಸ್ಸಿನಲ್ಲಿ ಕುಲುಕಿ ಬಂದ ತತ್ತಿಯನ್ನು ದಪ್ಪ ತುದಿ ಮೇಲೆ ಮಾಡಿ ಅರ್ಧ ದಿನ ಹಾಗೇ ಬಿಡಿ. ತೊಳೆಯಬೇಡಿ, ಚಿಪ್ಪಿನ ರಂಧ್ರಗಳೊಳಗೆ ಕೊಳೆ ಇಳಿಯುತ್ತದೆ.

ಕಾವು, ಕರೆಂಟು, ಗಂಟೆ

ಇನ್‌ಕ್ಯುಬೇಟರ್ 37.5 ರಿಂದ 38 ಡಿಗ್ರಿ, ತೇವಾಂಶ 50–60 ಪ್ರತಿಶತ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆಗಳ ಪರದೆ ತೋರಿಸುವುದು ಸೆನ್ಸರ್ ಇರುವ ಜಾಗದ ಬಿಸಿಯನ್ನು, ತತ್ತಿಯ ಬಿಸಿಯನ್ನಲ್ಲ. ತತ್ತಿಯ ಎತ್ತರದಲ್ಲೇ ಎರಡು ಥರ್ಮಾಮೀಟರ್ ಇಟ್ಟು, ಖಾಲಿ ಪೆಟ್ಟಿಗೆಯನ್ನು ಒಂದು ಇಡೀ ದಿನ ಓಡಿಸಿ ನೋಡಿ. ಕರೆಂಟು ಹೋಗುವ ಊರಲ್ಲಿ ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ತಾತ್ಕಾಲಿಕವಾಗಿ, ಒಳಗೆ ನಾಲ್ಕಾರು ನೀರಿನ ಬಾಟಲಿ ಮೊದಲೇ ಇಟ್ಟಿದ್ದರೆ ಅವು ಕಾವು ಹಿಡಿದಿಟ್ಟುಕೊಳ್ಳುತ್ತವೆ. ಕರೆಂಟು ಹೋಗಿ ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆಯಲೇಬೇಕು.

ತತ್ತಿಗಳನ್ನು ಅಡ್ಡ ಮಲಗಿಸಿಡಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಭ್ರೂಣ ತೇಲಿ ಅಲ್ಲಿಗೇ ಬರುತ್ತದೆ. ಮಾರ್ಕರ್ ಪೆನ್ನು ಬೇಡ, ಅದರ ದ್ರಾವಕ ಚಿಪ್ಪಿನ ಮೂಲಕ ಒಳಗಿಳಿಯಬಲ್ಲದು.

ವಯಸ್ಸನ್ನು ಗಂಟೆಯಲ್ಲಿ ಹೇಳುವ ಅಭ್ಯಾಸ ಬಿಡಿ. ತಂಪಿನಿಂದ ತೆಗೆದ ತತ್ತಿ ಒಳಗೂ ಬೆಚ್ಚಗಾಗಲು ಕೆಲವು ಗಂಟೆ ಬೇಕು, ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 1951ರಲ್ಲಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಕೋಳಿಯ ಬೆಳವಣಿಗೆಯನ್ನು 46 ಹಂತಗಳಾಗಿ ಗುರುತಿಸಿದರು, ಜಗತ್ತೆಲ್ಲ ಇಂದಿಗೂ ಅದನ್ನೇ ಬಳಸುತ್ತದೆ. ನಮಗೆ ಬೇಕಾದವು ಇಷ್ಟು. 4ನೇ ಹಂತ, 18–19 ಗಂಟೆ: ಪ್ರಿಮಿಟಿವ್ ಸ್ಟ್ರೀಕ್ (ಭ್ರೂಣದ ನಡುವೆ ಮೊದಲು ಮೂಡುವ ಗೆರೆ) ಪೂರ್ತಿ ಉದ್ದವಾಗಿರುತ್ತದೆ. 6ನೇ ಹಂತ, 23–25 ಗಂಟೆ: ತಲೆಯ ಮಡಿಕೆ ಏಳುತ್ತದೆ. 8ನೇ ಹಂತ, 26–29 ಗಂಟೆ: 4 ಜೊತೆ ಸೋಮೈಟ್ (ನಾಳದ ಎರಡೂ ಪಕ್ಕ ಸಾಲಾಗಿ ಮೂಡುವ ಅಂಗಾಂಶದ ಗಂಟುಗಳು), ನಡುಮೆದುಳಿನ ಜಾಗದಲ್ಲಿ ಎರಡು ಅಂಚು ಮೊದಲ ಸಲ ತಾಗುವ ಹೊತ್ತು. 10ನೇ ಹಂತ, 33–38 ಗಂಟೆ: 10 ಜೊತೆ, ಹೃದಯ ಮಿಡಿಯಲು ಶುರು. 11ನೇ ಹಂತ: 13 ಜೊತೆ, ಮುಂದಿನ ನ್ಯೂರೋಪೋರ್ (ನಾಳದ ತಲೆಯ ತುದಿಯ ತೆರೆದ ಬಾಯಿ) ಮುಚ್ಚುತ್ತಿರುತ್ತದೆ. 12ನೇ ಹಂತ, 45–49 ಗಂಟೆ: 16 ಜೊತೆ, ಅದು ಮುಚ್ಚಿರುತ್ತದೆ. 14ನೇ ಹಂತ, 50–53 ಗಂಟೆ: 22 ಜೊತೆ.

ಈ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಮೈಕ್ರೋಸ್ಕೋಪಿನ ಎದುರಿನ ಗೋಡೆಗೆ ಅಂಟಿಸಿ.

ದ್ರಾವಣ ಮತ್ತು ಔಷಧ

ಔಷಧಿ ಅಂಗಡಿಯ ಸಲೈನ್ 0.9 ಪ್ರತಿಶತ, ಅದು ನಮ್ಮ ದೇಹಕ್ಕೆ ಸರಿ. ಕೋಳಿ ಭ್ರೂಣಕ್ಕೆ ಸುಮಾರು 0.72 ಪ್ರತಿಶತ ಬೇಕು. 80 ಮಿ.ಲೀ. ಸಲೈನ್‌ಗೆ 20 ಮಿ.ಲೀ. ಸ್ಟೆರೈಲ್ ಡಿಸ್ಟಿಲ್ಡ್ ನೀರು ಸೇರಿಸಿದರೆ ಸಿಕ್ಕಿತು. ರಿಂಗರ್ ದ್ರಾವಣ ಮಾಡುವವರು ಲೀಟರಿಗೆ 7.2 ಗ್ರಾಂ ಸೋಡಿಯಂ ಕ್ಲೋರೈಡ್, 0.37 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 0.23 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿಕೊಳ್ಳಿ.

ಕಲಿಯುವವರಿಗೆ ನಾನು ಸೂಚಿಸುವ ಔಷಧ ಸೋಡಿಯಂ ವ್ಯಾಲ್ಪ್ರೋಯೇಟ್. ಮೂರ್ಛೆರೋಗಕ್ಕೆ ಕೊಡುವ ಈ ಮಾತ್ರೆಯನ್ನು ಬಸಿರಿನ ಆರಂಭದಲ್ಲಿ ನುಂಗಿದರೆ ಮಗುವಿಗೆ ಸ್ಪೈನಾ ಬೈಫಿಡಾ ಆಗುವ ಸಂಭವ 1–2 ಪ್ರತಿಶತ. ಕೋಳಿ ಭ್ರೂಣದಲ್ಲೂ ಅದು ನರನಾಳ ಕೆಡಿಸುತ್ತದೆ, ನೀರಿನಲ್ಲಿ ಕರಗುತ್ತದೆ, ಹೀಗಾಗಿ ಬೇರೆ ದ್ರಾವಕದ ತಂಟೆಯಿಲ್ಲ. (ನಿಮ್ಮ ಪ್ರಾಜೆಕ್ಟ್ ಕೇಳಿ ನೆಂಟರ ಮನೆಯ ಯಾರಾದರೂ ಮಾತ್ರೆ ನಿಲ್ಲಿಸಲು ಹೊರಟರೆ ತಡೆಯಿರಿ. ಮೂರ್ಛೆ ಮಾತ್ರೆಯನ್ನು ತಟ್ಟನೆ ಬಿಡುವುದು ಜೀವಕ್ಕೇ ಅಪಾಯ, ಬದಲಿಸುವುದು ವೈದ್ಯರ ಕೆಲಸ.) ಮೆಥೊಟ್ರೆಕ್ಸೇಟ್ ಫೋಲೇಟ್ ಹಾದಿಯನ್ನೇ ತಡೆಯುವುದರಿಂದ ಆಕರ್ಷಕವಾಗಿ ಕಾಣುತ್ತದೆ. ಆದರೆ ಅದು ಕೋಶ ಕೊಲ್ಲುವ ಔಷಧ, ಗ್ಲೌಸು ಹುಡ್ ಇಲ್ಲದ ಲ್ಯಾಬಿಗೆ ತರಲೇಬಾರದು. ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು ಈ ಎರಡೂ ಪುಡಿಗಳಿಂದ ದೂರವಿರಬೇಕು.

ಮಾತ್ರೆ ಅರೆದು ಹಾಕಬೇಡಿ. ಅದರಲ್ಲಿ ಪಿಷ್ಟ, ಬಣ್ಣ, ಲೇಪನ ಎಲ್ಲ ಇರುತ್ತದೆ. ಶುದ್ಧ ರಾಸಾಯನಿಕವನ್ನೇ ತರಿಸಿ. ದ್ರಾಕ್ಷಿ ಸೀಮೆಯವರು ತೋಟಕ್ಕೆ ಹೊಡೆಯುವ ಶಿಲೀಂಧ್ರನಾಶಕವನ್ನು ಪರೀಕ್ಷಿಸೋಣ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆಯೇ, ಆದರೆ ಡಬ್ಬಿಯಲ್ಲಿರುವುದು ಮೂಲ ವಸ್ತುವೊಂದೇ ಅಲ್ಲ, ನೊರೆ ಬರಿಸುವ, ಎಲೆಗೆ ಅಂಟಿಸುವ ವಸ್ತುಗಳೂ ಸೇರಿರುತ್ತವೆ. ಎರಡನ್ನೂ ಬೇರೆ ಬೇರೆ ಪರೀಕ್ಷಿಸದೆ ಏನೂ ಹೇಳಲಾಗದು. ಗಿಡಮೂಲಿಕೆಯ ಕಷಾಯಕ್ಕೂ ಇದೇ ಮಾತು: ಪಿ.ಎಚ್. ಮತ್ತು ಲವಣದ ಸಾಂದ್ರತೆ ಸರಿಪಡಿಸದಿದ್ದರೆ ಭ್ರೂಣ ಕೆಡುವುದು ಮೂಲಿಕೆಯಿಂದಲ್ಲ, ಹುಳಿಯಿಂದಲೋ ಉಪ್ಪಿನಿಂದಲೋ ಇರಬಹುದು.

ಪ್ರಮಾಣಕ್ಕೆ ಮೊದಲು ಒಂದು ಪರೀಕ್ಷಾ ಸುತ್ತು ನಡೆಸಿ. ನಾಲ್ಕು ಪ್ರಮಾಣ, ಪ್ರತಿಯೊಂದೂ ಹಿಂದಿನದರ ಮೂರು ಪಟ್ಟು, ಒಂದೊಂದಕ್ಕೆ ಹತ್ತು ತತ್ತಿ. ಅರ್ಧಕ್ಕಿಂತ ಹೆಚ್ಚು ಸತ್ತರೆ ಅದು ವಿಷದ ಪ್ರಮಾಣ, ನಾಳದ ಅಧ್ಯಯನಕ್ಕೆ ಅಲ್ಲ. ಹೆಚ್ಚಿನವು ಬದುಕಿ ಕೆಲವು ಕೆಡುವ ಪ್ರಮಾಣ ಬೇಕು. ಕೊಡುವ ಪರಿಮಾಣ 50–100 ಮೈಕ್ರೋಲೀಟರ್ ಮೀರದಿರಲಿ, 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡಿರಲಿ.

ಮೊದಲ ವಿಧಾನ: ಚಿಪ್ಪಿಗೆ ಕಿಟಕಿ

1. ಸುಮಾರು 26 ಗಂಟೆಯ ತತ್ತಿಯನ್ನು ಅಡ್ಡವಾಗಿಯೇ ಹೊರತೆಗೆದು, 70 ಪ್ರತಿಶತ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ.

2. ಚೂಪು ತುದಿಯ ಹತ್ತಿರ ಸೂಜಿಯಿಂದ ತೂತು ಮಾಡಿ, 18 ಅಥವಾ 20 ಗೇಜಿನ ಸೂಜಿಯನ್ನು ಕೆಳಮುಖವಾಗಿ ಇಳಿಸಿ 2–3 ಮಿ.ಲೀ. ಬಿಳಿ ಲೋಳೆ ಎಳೆದುಕೊಳ್ಳಿ. ಸಿರಿಂಜಿನಲ್ಲಿ ಹಳದಿ ಬಂದರೆ ಆ ತತ್ತಿ ಮುಗಿಯಿತು. ತೂತಿಗೆ ಟೇಪ್ ಹಚ್ಚಿ. ಎಳೆದ ಲೋಳೆಯನ್ನು ಚೆಲ್ಲಬೇಡಿ, ಸಿರಿಂಜಿನಲ್ಲೇ ಬೆಚ್ಚಗಿಡಿ.

3. ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಸಣ್ಣ ಬಾಗಿದ ಕತ್ತರಿಯಿಂದ ಒಂದೂವರೆ ಸೆಂ.ಮೀ. ಕಿಟಕಿ ಕತ್ತರಿಸಿ. ಟೇಪ್ ಇದ್ದರೆ ಚಿಪ್ಪಿನ ಚೂರು ಒಳಗೆ ಬೀಳುವುದಿಲ್ಲ.

4. ಬೆಳಕನ್ನು ಪಕ್ಕದಿಂದ ಹಾಯಿಸಿ ಭ್ರೂಣ ಗುರುತಿಸಿ. ಇಂಡಿಯನ್ ಇಂಕ್ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅರಗು ಬೆರೆತ ಶಾಯಿ ವಿಷ. ಈ ಪ್ರಯೋಗದಲ್ಲಿ ಶಾಯಿ ಇಲ್ಲದೆ ಕಲಿಯುವುದೇ ವಾಸಿ. ಬಳಸುವುದೇ ಆದರೆ ಎಲ್ಲ ಗುಂಪಿಗೂ ಬಳಸಿ.

5. ಔಷಧವನ್ನು ಭ್ರೂಣದ ಮೇಲೆ ನಿಧಾನವಾಗಿ ಹನಿಸಿ. ಸೂಜಿ ಭ್ರೂಣಕ್ಕೆ ತಾಗಬಾರದು.

6. ತೆಗೆದಿಟ್ಟ ಲೋಳೆಯನ್ನು ಮರಳಿ ಹಾಕಿ ಖಾಲಿ ಜಾಗ ತುಂಬಿಸಿ, ಕಿಟಕಿಯನ್ನು ಟೇಪಿನಿಂದ ಗಾಳಿಯಾಡದಂತೆ ಮುಚ್ಚಿ. ಕಿಟಕಿಯಿಂದ ಆಗುವ ದೋಷಗಳಿಗೆ ಭ್ರೂಣದ ಮೇಲೆ ಉಳಿಯುವ ಗಾಳಿಯ ಜಾಗ ಒಂದು ಮುಖ್ಯ ಕಾರಣ. ಅವಸರದಲ್ಲಿ ಬಹಳ ಮಂದಿ ಬಿಡುವ ಹೆಜ್ಜೆಯೂ ಇದೇ.

7. ಮತ್ತೆ ಇನ್‌ಕ್ಯುಬೇಟರಿಗೆ, ಕಿಟಕಿ ಮೇಲ್ಮುಖವಾಗಿ. ಇನ್ನು ಹೊರಳಿಸುವಂತಿಲ್ಲ.

ಒಂದು ತತ್ತಿ ಹೊರಗಿರುವ ಹೊತ್ತು ಐದು ನಿಮಿಷ ದಾಟದಂತೆ ಕೈ ಪಳಗಬೇಕು. ಪಳಗಿಸಲು ಅಂಗಡಿಯ ಅಗ್ಗದ ತತ್ತಿಯೇ ಸಾಕು.

ಎರಡನೆಯ ವಿಧಾನ: ಕಾಗದದ ಚೌಕಟ್ಟಿನ ಮೇಲೆ

ನನ್ನನ್ನು ಕೇಳಿದರೆ ನರನಾಳಕ್ಕೆ ಇದೇ ಉತ್ತಮ. ಭ್ರೂಣವನ್ನು ಚಿಪ್ಪಿನಿಂದಲೇ ಹೊರತಂದು ಗಾಜಿನ ಉಂಗುರದ ಮೇಲೆ ಬೆಳೆಸುವುದನ್ನು ಡೆನಿಸ್ ನ್ಯೂ 1955ರಲ್ಲಿ ತೋರಿಸಿಕೊಟ್ಟರು. ಚಾಪ್‌ಮನ್ ಮತ್ತು ಸಂಗಡಿಗರು 2001ರಲ್ಲಿ ಉಂಗುರದ ಬದಲು ಫಿಲ್ಟರ್ ಕಾಗದ ಬಳಸಿ ಅದನ್ನು ಸುಲಭ ಮಾಡಿದರು. ಭ್ರೂಣ ಕಣ್ಣೆದುರಿಗೇ ಬೆಳೆಯುತ್ತದೆ, ಗಂಟೆಗೊಂದು ಫೋಟೊ ತೆಗೆಯಬಹುದು, ಕಿಟಕಿಯ ತಲೆನೋವಿಲ್ಲ.

ತಟ್ಟೆಯ ತಯಾರಿ ಹೀಗೆ. 120 ಮಿ.ಲೀ. 0.72 ಪ್ರತಿಶತ ಉಪ್ಪುನೀರಿಗೆ 0.72 ಗ್ರಾಂ ಅಗಾರ್ ಹಾಕಿ ಕುದಿಸಿ. ಆಟೋಕ್ಲೇವ್ ಇಲ್ಲದಿದ್ದರೆ 15 ಪೌಂಡಿನ ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ. ವಾಟರ್ ಬಾತ್‌ನಲ್ಲಿ 49 ಡಿಗ್ರಿಗೆ ಇಳಿಯಲಿ. ತಾಜಾ ತತ್ತಿಗಳ ತೆಳು ಲೋಳೆ 120 ಮಿ.ಲೀ. ತೆಗೆದು ಅದನ್ನೂ 49 ಡಿಗ್ರಿಗೆ ಬೆಚ್ಚಗೆ ಮಾಡಿ ಬೆರೆಸಿ. ಅಗಾರ್ ಸುಡುವಷ್ಟು ಬಿಸಿಯಿದ್ದರೆ ಲೋಳೆ ಬೆಂದು ಬಿಳಿಯಾಗುತ್ತದೆ, ತಣ್ಣಗಾದರೆ ಅಗಾರ್ ಗಂಟು ಕಟ್ಟುತ್ತದೆ. ಪೆನಿಸಿಲಿನ್–ಸ್ಟ್ರೆಪ್ಟೊಮೈಸಿನ್ ಸೇರಿಸಿ 35 ಮಿ.ಮೀ. ತಟ್ಟೆಗಳಿಗೆ ಎರಡೂವರೆ ಮಿ.ಲೀ. ಸುರಿಯಿರಿ. ಪರೀಕ್ಷಿಸುವ ಔಷಧವನ್ನು ಸುರಿಯುವ ಮುಂಚೆ ಇದರಲ್ಲೇ ಬೆರೆಸಿದರೆ ಪ್ರತಿ ಭ್ರೂಣಕ್ಕೂ ಒಂದೇ ಸಾಂದ್ರತೆ ಸಿಗುತ್ತದೆ. ಚಿಪ್ಪಿನೊಳಗೆ ಹನಿಸಿದಾಗ ಇದು ಸಾಧ್ಯವಿಲ್ಲ. ಅಲ್ಲಿ "ಪ್ರತಿ ತತ್ತಿಗೆ ಇಷ್ಟು" ಎಂದಷ್ಟೇ ಬರೆಯಬೇಕು.

2 ಸೆಂ.ಮೀ. ಚೌಕದ ಫಿಲ್ಟರ್ ಕಾಗದದ ನಡುವೆ 1 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲದ ರಂಧ್ರ ಮಾಡಿ ಸ್ಟೆರಿಲೈಸ್ ಮಾಡಿಟ್ಟುಕೊಳ್ಳಿ. ಸುಮಾರು 20–24 ಗಂಟೆಯ ತತ್ತಿಯನ್ನು ದೊಡ್ಡ ತಟ್ಟೆಗೆ ಒಡೆದು, ಭ್ರೂಣ ಮೇಲೆ ಬರುವಂತೆ ಮಾಡಿ, ಅದರ ಸುತ್ತಲಿನ ಗಟ್ಟಿ ಲೋಳೆಯನ್ನು ಟಿಶ್ಯೂ ಕಾಗದದಿಂದ ಸಂಪೂರ್ಣ ಒರೆಸಿ. ಲೋಳೆ ಉಳಿದರೆ ಕಾಗದ ಅಂಟುವುದಿಲ್ಲ. ರಂಧ್ರದ ನಡುವೆ ಭ್ರೂಣ ಬರುವಂತೆ ಕಾಗದ ಇಟ್ಟು, ಸುತ್ತಲೂ ಪೊರೆ ಕತ್ತರಿಸಿ, ಓರೆಯಾಗಿ ಎಳೆದು ತೆಗೆಯಿರಿ. ಅಂಟಿದ ಹಳದಿಯನ್ನು ಬೆಚ್ಚಗಿನ ಉಪ್ಪುನೀರಿನಿಂದ ತೊಳೆದು, ಹೊಟ್ಟೆಯ ಭಾಗ ಮೇಲಾಗಿ ಅಗಾರ್ ಮೇಲೆ ಮಲಗಿಸಿ. ಒದ್ದೆ ಹತ್ತಿ ಇಟ್ಟ ಮುಚ್ಚಿದ ಡಬ್ಬಿಯಲ್ಲಿ 38 ಡಿಗ್ರಿಗೆ ಇಡಿ. ಒಂದು ದಿನದಲ್ಲಿ ನಾಳ ಮುಚ್ಚುವುದನ್ನು ನೋಡಬಹುದು.

ಹೋಲಿಕೆಯ ಗುಂಪುಗಳು

ಕಿಟಕಿ ವಿಧಾನಕ್ಕೆ ಕನಿಷ್ಠ ನಾಲ್ಕು: ಮುಟ್ಟದ ತತ್ತಿ, ಕಿಟಕಿ ಮಾತ್ರ ಕೊರೆದದ್ದು, ಕಿಟಕಿ ಕೊರೆದು ಬರೀ ಉಪ್ಪುನೀರು ಹಾಕಿದ್ದು, ಕಿಟಕಿ ಕೊರೆದು ಔಷಧ ಹಾಕಿದ್ದು. ಫೋಲಿಕ್ ಆಮ್ಲ ರಕ್ಷಿಸುತ್ತದೆಯೇ ಎಂದು ನೋಡುವವರಿಗೆ ಇನ್ನೆರಡು: ಫೋಲಿಕ್ ಮಾತ್ರ, ಔಷಧ ಮತ್ತು ಫೋಲಿಕ್ ಎರಡೂ. ಉಪ್ಪುನೀರಿನ ಗುಂಪಿನಲ್ಲೇ ಐದರಲ್ಲೊಂದು ಭ್ರೂಣ ಕೆಡುತ್ತಿದ್ದರೆ ಔಷಧದ ಬಾಟಲಿ ತೆರೆಯಬೇಡಿ. ಮೊದಲು ಕೈ ಸರಿಮಾಡಿಕೊಳ್ಳಿ. "ಕಂಟ್ರೋಲ್ ಆಮ್ಯಾಲ ಮಾಡಿದ್ರಾತು" ಎನ್ನುವವರ ಪ್ರಬಂಧವನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಬೇರೆ ದಿನ, ಬೇರೆ ಲಾಟು, ಬೇರೆ ಬಿಸಿಲಿನ ಕಂಟ್ರೋಲ್ ಕಂಟ್ರೋಲೇ ಅಲ್ಲ.

ಯಾವ ತತ್ತಿ ಯಾವ ಗುಂಪಿಗೆ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಮೇಲಿನ ತಟ್ಟೆಯೆಲ್ಲ ಕಂಟ್ರೋಲ್, ಕೆಳಗಿನದೆಲ್ಲ ಔಷಧ ಎಂದು ಜೋಡಿಸಿದರೆ ನೀವು ಅಳೆಯುವುದು ಇನ್‌ಕ್ಯುಬೇಟರಿನ ಬಿಸಿಯನ್ನು. ಗುಂಪಿಗೆ 20–25 ತತ್ತಿ ಇಟ್ಟರೆ ಫಲಿಸದವು, ಸತ್ತವು ಹೋಗಿ ಲೆಕ್ಕಕ್ಕೆ ಸಿಗುವಷ್ಟು ಉಳಿಯುತ್ತವೆ.

ತೆಗೆದು ನೋಡುವುದು

50–53 ಗಂಟೆಗೆ ತತ್ತಿ ತೆರೆದು, ಕಾಗದದ ಉಂಗುರ ಅಂಟಿಸಿ ಭ್ರೂಣ ಕತ್ತರಿಸಿ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಹೃದಯ ಮಿಡಿಯುತ್ತಿದೆಯೇ ಎಂದು ಬರೆದುಕೊಂಡು, 4 ಪ್ರತಿಶತ ಪ್ಯಾರಾಫಾರ್ಮಾಲ್ಡಿಹೈಡ್‌ಗೆ ಹಾಕಿ. ಸೀಸೆಗಳಿಗೆ ಗುಂಪಿನ ಹೆಸರು ಬೇಡ, ಬರೀ ನಂಬರು. ನೋಡುವವರು ಬೇರೆಯವರಾಗಿರಲಿ, ಗುಂಪಿನ ಪಟ್ಟಿ ಗೈಡ್ ಕಪಾಟಿನಲ್ಲಿರಲಿ.

ಈಗ ಬಹಳ ಮಂದಿ ಎಡವುವ ಜಾಗ. ತೆರೆದ ನಾಳ ಕಂಡ ಕೂಡಲೇ "ದೋಷ" ಎಂದು ಬರೆಯಬೇಡಿ, ಮೊದಲು ಸೋಮೈಟ್ ಎಣಿಸಿ. 7 ಜೊತೆ ಸೋಮೈಟ್ ಇರುವ ಭ್ರೂಣದಲ್ಲಿ ತಲೆಯ ತುದಿ ತೆರೆದಿರುವುದೇ ಸಹಜ. 10–11ನೇ ಹಂತದಲ್ಲಿ ಹಿಂಬದಿಯ ರಾಂಬಾಯ್ಡ್ ಸೈನಸ್ (ನಾಳದ ಇನ್ನೂ ಮುಚ್ಚದ ಬಾಲದ ಕಡೆಯ ಭಾಗ) ಅಗಲವಾಗಿ ಬಾಯಿ ತೆರೆದಿರಬೇಕಾದದ್ದೇ. ವ್ಯಾಲ್ಪ್ರೋಯೇಟ್‌ನಂಥವು ಬೆಳವಣಿಗೆಯನ್ನೇ ನಿಧಾನ ಮಾಡಬಲ್ಲವು. ಆಗ 50 ಗಂಟೆಯ ಭ್ರೂಣ 34 ಗಂಟೆಯದರಂತೆ ಕಾಣುತ್ತದೆ: ಅದು ಹಿಂದುಳಿದದ್ದು, ಕೆಟ್ಟದ್ದಲ್ಲ. 16 ಜೊತೆ ದಾಟಿಯೂ ಮುಂದಿನ ನ್ಯೂರೋಪೋರ್ ತೆರೆದಿದ್ದರೆ ಅದು ದೋಷ. ಹಾಗಾಗಿ ಹೋಲಿಕೆ ಗಂಟೆಗೆ ಗಂಟೆಯಲ್ಲ, ಸೋಮೈಟಿಗೆ ಸೋಮೈಟು.

ಪ್ರತಿ ಭ್ರೂಣಕ್ಕೂ ಬರೆಯಬೇಕಾದದ್ದು: ಬದುಕಿದೆಯೇ, ಸೋಮೈಟ್ ಜೊತೆ ಎಷ್ಟು, ಮುಂಮೆದುಳು, ನಡುಮೆದುಳು, ಹಿಂಮೆದುಳು, ಬೆನ್ನು ಇವುಗಳಲ್ಲಿ ಎಲ್ಲಿ ತೆರೆದಿದೆ, ನಾಳ ಅಂಕುಡೊಂಕೇ, ಸೋಮೈಟ್‌ಗಳು ಅಸ್ತವ್ಯಸ್ತವೇ. ಚಿಮಟದಿಂದ ಹರಿದ ಜಾಗ ಕೂಡ ತೆರೆದಂತೆಯೇ ಕಾಣುತ್ತದೆ. ಅಂಚು ಚಿಂದಿಯಾಗಿದ್ದರೆ ಹರಿದದ್ದು, ನುಣುಪಾಗಿ ಹೊರಕ್ಕೆ ಬಾಗಿದ್ದರೆ ಮುಚ್ಚದೆ ಉಳಿದದ್ದು.

ಸಂಶಯವಿದ್ದವನ್ನು ಪ್ಯಾರಾಫಿನ್‌ನಲ್ಲಿ ಕೂರಿಸಿ 5–7 ಮೈಕ್ರಾನ್ ಸೀಳಿಕೆ ತೆಗೆದು, ಹೆಮಟಾಕ್ಸಿಲಿನ್–ಇಯೋಸಿನ್ ಹಚ್ಚಿ. ಫಲಕ ಬಾಗಲು ನೋಟೊಕಾರ್ಡ್ ಎಂಬ, ಫಲಕದ ಕೆಳಗಿನ ನಡುದಂಡದ ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು ಹೀಗೆ ಮಡಿಯುವ ಜಾಗಗಳಿರುತ್ತವೆ. ನಡುವೆ ಬಾಗಿ ಪಕ್ಕದಲ್ಲಿ ಬಾಗದಿದ್ದರೆ ಒಂದು ಕಥೆ, ಎರಡೂ ಬಾಗಿ ಅಂಚು ಮುಖಾಮುಖಿಯಾಗಿಯೂ ಕೂಡದಿದ್ದರೆ ಬೇರೆಯೇ ಕಥೆ. ಪ್ರಬಂಧದ ಚರ್ಚೆಯ ಭಾಗಕ್ಕೆ ತಿರುಳು ಸಿಗುವುದು ಈ ಸೀಳಿಕೆಗಳಿಂದ, ಪ್ರತಿಶತದ ಪಟ್ಟಿಯಿಂದಲ್ಲ.

ಲೆಕ್ಕ ಮತ್ತು ಮಾತಿನ ಮಿತಿ

ಫಲಿಸದವು, ಸತ್ತವು, ಹಿಂದುಳಿದವು, ದೋಷವಿರುವವು, ಸಹಜವಾದವು ಎಂದು ಐದು ಕಾಲಂ ಮಾಡಿ. ದೋಷದ ಪ್ರಮಾಣವನ್ನು ಬದುಕಿದ ಭ್ರೂಣಗಳ ಮೇಲೆ ಲೆಕ್ಕ ಹಾಕಿ, ಸತ್ತವುಗಳ ಸಂಖ್ಯೆಯನ್ನು ಪಕ್ಕದಲ್ಲೇ ತೋರಿಸಿ. ಹೋಲಿಕೆ ಉಪ್ಪುನೀರಿನ ಗುಂಪಿನೊಡನೆ, ಮುಟ್ಟದ ತತ್ತಿಯೊಡನೆ ಅಲ್ಲ. ಸಂಖ್ಯೆ ಸಣ್ಣದಿರುವುದರಿಂದ ಕೈ-ಸ್ಕ್ವೇರ್ ಬದಲು ಫಿಷರ್ ಎಕ್ಸಾಕ್ಟ್ ಪರೀಕ್ಷೆ ಬಳಸಿ.

ತತ್ತಿಯಲ್ಲಿ ತಾಯಿಯಿಲ್ಲ, ಜರಾಯುವಿಲ್ಲ, ಔಷಧವನ್ನು ಒಡೆದುಹಾಕುವ ತಾಯಿಯ ಯಕೃತ್ತಿಲ್ಲ. ಕೊಟ್ಟದ್ದು ನೇರ ಭ್ರೂಣಕ್ಕೆ. ಆದ್ದರಿಂದ "ಈ ವಸ್ತು ಕೋಳಿ ಭ್ರೂಣದ ನಾಳ ಮುಚ್ಚುವುದನ್ನು ಈ ಹಂತದಲ್ಲಿ ತಡೆಯುತ್ತದೆ" ಎನ್ನುವವರೆಗೆ ಬರೆಯಬಹುದು. ಬಸುರಿಯರಿಗೆ ಎಷ್ಟು ಅಪಾಯ ಎಂದು ಇದರಿಂದ ಬರೆಯಲಾಗದು, ಪತ್ರಿಕೆಯವರು ಕೇಳಿದರೂ ಹೇಳಲಾಗದು.

ಕೊನೆಗೆ ವಿಲೇವಾರಿ

ಭ್ರೂಣ, ಹಳದಿ, ಲೋಳೆ ಎಲ್ಲ ಹಳದಿ ಚೀಲಕ್ಕೆ. ಸೂಜಿಗಳು ಪಂಕ್ಚರ್ ಆಗದ ಬಿಳಿ ಡಬ್ಬಿಗೆ. ಮೆಥೊಟ್ರೆಕ್ಸೇಟ್ ತಾಗಿದ್ದನ್ನು ಸೈಟೊಟಾಕ್ಸಿಕ್ ಎಂದು ಗುರುತಿಸಿದ ಬೇರೆ ಹಳದಿ ಚೀಲದಲ್ಲಿ ಕಟ್ಟಿಡಿ. ಉಳಿದ ತತ್ತಿಗಳನ್ನು ಹಾಸ್ಟೆಲ್ ಅಡುಗೆಮನೆಗೆ ಕೊಡುವ ಔದಾರ್ಯ ಬೇಡ, ಔಷಧ ಹಾಕದ ಗುಂಪಿನವಾದರೂ ಸರಿಯೇ: ನಂಬರು ಅದಲುಬದಲಾದರೆ ಗೊತ್ತಾಗುವುದಿಲ್ಲ.